ಚಿನ್ನದ ಗಣಿಯ ಆಳದ ಮೌನ

ಬೆಂಗಳೂರಿಗೆ ಹೊರಟ ಉದ್ಯಾನ್ ಎಕ್ಸ್‌ಪ್ರೆಸ್ ದೌಂಡ ಜಂಕ್ಷನ್ನಿನಲ್ಲಿ ನಿಂತಿದೆ. ಪ್ಲಾಟ್‌ಫಾರ್ಮಿಗಿಳಿದು ಒಂದು ಲೀಟರ್ ನೀರಿನ ಬಾಟಲಿ ಕೊಂಡಿರಿ ಅನ್ನಿ. ಕಣ್ಣಿಗೆ ಕಾಣದ ಕಪ್ಪು ದ್ರವ್ಯದ (ಡಾರ್ಕ್ ಮ್ಯಾಟರ್) ಕಣವೊಂದು ಪ್ರೋಟಾನಿನ ನೂರರಷ್ಟು ತೂಗುತ್ತದೆ ಎಂದಿಟ್ಟುಕೊಂಡರೆ, ಯಾವ ಗಳಿಗೆಯಲ್ಲೂ ಆ ಬಾಟಲಿಯೊಳಗೆ ಅಂಥ ಸುಮಾರು ಮೂರು ಕಣಗಳಿರುತ್ತವೆ. ಸೆಕೆಂಡಿಗೆ 200 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಪ್ಲಾಸ್ಟಿಕ್ಕು, ನೀರು, ನಿಮ್ಮ ಅಂಗೈ ಎಲ್ಲವನ್ನೂ ಹಾದುಹೋಗುತ್ತವೆ, ಯಾವುದನ್ನೂ ತಾಕುವುದಿಲ್ಲ.

ಗ್ಯಾಲಕ್ಸಿಗಳು ಚದುರದಂತೆ ಹಿಡಿದಿಟ್ಟಿರುವುದು ಈ ದ್ರವ್ಯದ ಗುರುತ್ವ. ಅದರಾಚೆಗೂ ನಮ್ಮ ಪರಮಾಣುಗಳೊಂದಿಗೆ ಇದಕ್ಕೆ ಒಡನಾಟವುಂಟೆ? ಎಂದಾದರೊಮ್ಮೆ ಒಂದು ಕಣ ನ್ಯೂಕ್ಲಿಯಸ್ಸಿಗೆ ಬಡಿದು ಅದನ್ನು ತುಸು ಅಲುಗಿಸೀತು. ಆದರೆ ನೆಲದ ಮೇಲೆ ವಿಶ್ವಕಿರಣಗಳ ಮಳೆ. ಜಾತ್ರೆಯ ಗದ್ದಲದಲ್ಲಿ ಗೆಜ್ಜೆಯ ಸದ್ದು ಹುಡುಕಿದಂತೆ. ಅದಕ್ಕೇ ಬಂಡೆಯಡಿಗೆ ಇಳಿಯಬೇಕು.

ವಿಶ್ವಕಿರಣಗಳನ್ನು ಅಳೆಯಲೆಂದು ಹಾಗೆ ಇಳಿದವರಲ್ಲಿ ನಮ್ಮವರೂ ಇದ್ದರು. ಹೋಮಿ ಭಾಭಾ ಅವರ ಸೂಚನೆಯಂತೆ ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1951ರಲ್ಲಿ ಕೋಲಾರದ ಚಿನ್ನದ ಗಣಿಗೆ ಉಪಕರಣ ಹೊತ್ತು ಹೋದರು. ಆಳಕ್ಕಿಳಿದಷ್ಟೂ, ವಿಶ್ವಕಿರಣಗಳಿಂದ ಹುಟ್ಟುವ ಮ್ಯೂಯಾನ್ ಕಣಗಳ ಎಣಿಕೆ ಇಳಿಯುತ್ತ ಬಂತು. 1960ರ ದಶಕದ ಆರಂಭದಲ್ಲಿ, ಸುಮಾರು 2.7 ಕಿಲೋಮೀಟರ್ ಕೆಳಗೆ, ಎರಡು ತಿಂಗಳು ಕಾದರೂ ಒಂದೇ ಒಂದು ಮ್ಯೂಯಾನ್ ಬರಲಿಲ್ಲ! ಬರಿಗೈ ಎಂದು ಯಾರೂ ಕೊರಗಲಿಲ್ಲ. ಅಂಥ ಮೌನವೇ ಅವರಿಗೆ ಬೇಕಿದ್ದದ್ದು. 1965ರಲ್ಲಿ ಅಲ್ಲೇ ಭಾರತ, ಜಪಾನ್, ಬ್ರಿಟನ್ನಿನ ವಿಜ್ಞಾನಿಗಳು ವಾಯುಮಂಡಲದಲ್ಲಿ ಹುಟ್ಟಿ ಬಂಡೆಯನ್ನೂ ತೂರಿಬರುವ ನ್ಯೂಟ್ರಿನೊ ಕಣಗಳ ಸುಳಿವು ಹಿಡಿದರು.

ಆಮೇಲೆ ಒಂದು ಒಗಟು. ಕೆಲವೇ ಕೆಲವು ಸಲ, ಎರಡು ಮೂರು ಕಣಗಳ ಜಾಡುಗಳು ಒಂದೇ ಬಿಂದುವಿನಿಂದ ಹೊರಟಂತೆ ಕಂಡವು. ಹಿಂದಕ್ಕೆ ಎಳೆದು ನೋಡಿದರೆ ಆ ಬಿಂದು ಬಂಡೆಯಲ್ಲಿರಲಿಲ್ಲ, ಬಂಡೆಗೂ ಯಂತ್ರಕ್ಕೂ ನಡುವಿನ ಗಾಳಿಯಲ್ಲಿತ್ತು. ನ್ಯೂಟ್ರಿನೊ ಬಡಿಯಲು ಗಾಳಿಯಲ್ಲಿ ಏನಿದೆ? ‘ಕೋಲಾರ ಘಟನೆಗಳು’ ಎಂದೇ ಇವಕ್ಕೆ ಹೆಸರು. ಕಪ್ಪು ದ್ರವ್ಯದ ಕಣವೇ ಅಲ್ಲಿ ಒಡೆದು ಸಾಮಾನ್ಯ ಕಣಗಳಾಗಿರಬಹುದೇ ಎಂದು ಭೌತವಿಜ್ಞಾನಿಗಳಾದ ಎಂ.ವಿ.ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್ 2014ರಲ್ಲಿ ಕೇಳಿದರು. ಬೇರೆ ಪ್ರಯೋಗಗಳಿಂದ ಇದಕ್ಕೆ ಪುಷ್ಟಿ ಸಿಕ್ಕಿಲ್ಲ. ಆದರೂ ಕೇಳಬೇಕಾದ ಪ್ರಶ್ನೆಯೇ.

ಇಂದು ಅಮೆರಿಕದ ಸೌತ್ ಡಕೋಟದಲ್ಲಿ, ಒಂದೂವರೆ ಕಿಲೋಮೀಟರ್ ಆಳದಲ್ಲಿ, ಏಳು ಟನ್ ದ್ರವ ಝೆನಾನ್ ಇಟ್ಟುಕೊಂಡು ಕಪ್ಪು ದ್ರವ್ಯ ತಾಕಿದಾಗಿನ ನ್ಯೂಕ್ಲಿಯಸ್ಸಿನ ಆ ಒಂದು ಅಲುಗಾಟಕ್ಕೆ ಕಾಯುತ್ತಿದ್ದಾರೆ. ಅದೂ ಹಳೆಯ ಚಿನ್ನದ ಗಣಿಯೇ. ನಮ್ಮ ಕೋಲಾರ ಅದಕ್ಕಿಂತ ಆಳ, 2001ರಲ್ಲಿ ಮುಚ್ಚಿತು. ಈಗ ಆ ಸುರಂಗಗಳಲ್ಲಿ ನೀರು ನಿಂತಿದೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.