ಸೆಟ್ ದೋಸೆಗೂ ಸಚಿವರಿಗೂ ಏನು ಸಂಬಂಧ?

ತೋಟದಲ್ಲಿ ಪಂಪ್‌ಸೆಟ್, ಹೋಟೆಲಿನಲ್ಲಿ ಸೆಟ್ ದೋಸೆ, ಸಿನಿಮಾದವರಿಗೆ ಕೋಟಿ ಸುರಿದು ಹಾಕಿದ ಸೆಟ್, ಟೆನಿಸ್‌ನಲ್ಲಿ ಮೂರನೇ ಸೆಟ್. ಬ್ಯಾಟ್ಸ್‌ಮನ್ ಕ್ರೀಸಿನಲ್ಲಿ ಸೆಟ್ ಆಗುತ್ತಾನೆ, ಹೊಸ ಕೆಲಸ ಕೆಲವರಿಗೆ ಸೆಟ್ ಆಗುವುದೇ ಇಲ್ಲ. ಇಂಗ್ಲಿಷಿನ ಒಂದಕ್ಷರ ಕಲಿಯದವರ ಬಾಯಲ್ಲೂ ಸಲೀಸಾಗಿ ಹೊರಳುವ ಈ ಪದಕ್ಕೆ ಅದರ ತವರಿನಲ್ಲಿ ದೊಡ್ಡ ಹೆಸರಿದೆ. 1989ರಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿಯಲ್ಲಿ ಅತಿ ಉದ್ದದ ನಮೂದು ‘ಸೆಟ್’ ಎಂಬ ಕ್ರಿಯಾಪದದ್ದೇ. ಅದನ್ನು ವಿವರಿಸಲು ಸುಮಾರು 60,000 ಪದಗಳು ಬೇಕಾದವು. ಬರೀ ಕ್ರಿಯಾಪದಕ್ಕೆ 430 ಅರ್ಥ. ಅಪ್, ಆಫ್, ಔಟ್ ಮುಂತಾದವನ್ನು ಬಾಲಕ್ಕೆ ಕಟ್ಟಿಕೊಂಡಾಗ ಹುಟ್ಟುವ ಪದಗುಚ್ಛಗಳನ್ನೂ ಸೇರಿಸಿದರೆ 580ರಷ್ಟು. ನಾಮಪದದ ಲೆಕ್ಕ ಬೇರೆ.

ಇಷ್ಟೊಂದು ಅರ್ಥ ಒಂದೇ ಪದದ ಹೆಗಲೇರಿದ್ದು ಹೇಗೆ? ಮೊದಲ ಉತ್ತರ ಸ್ವಲ್ಪ ನಿರಾಸೆ ಹುಟ್ಟಿಸುವಂಥದ್ದು: ಇದು ಒಂದು ಪದವೇ ಅಲ್ಲ. ಬೇರೆ ಬೇರೆ ಮನೆತನದ ಎರಡು ಪದಗಳು ಸವೆದು ಸವೆದು ಒಂದೇ ರೂಪಕ್ಕೆ ಬಂದು ನಿಂತಿವೆ.

ಕ್ರಿಯಾಪದದ ಮನೆತನ ಅಪ್ಪಟ ಜರ್ಮ್ಯಾನಿಕ್. ಹಳೆಯ ಇಂಗ್ಲಿಷಿನಲ್ಲಿ ಅದು ‘ಸೆಟ್ಟನ್’. ‘ಸಿಟ್’ ಅಂದರೆ ಕೂರು, ‘ಸೆಟ್’ ಅಂದರೆ ಕೂರಿಸು. ಮೂಲ ಅರ್ಥ ಇಷ್ಟೇ. ಇಷ್ಟು ಗೊತ್ತಾದ ಮೇಲೆ ಆ 430 ಅರ್ಥಗಳ ಭಯ ಕನ್ನಡಿಗರಿಗೆ ಅರ್ಧ ಕಡಿಮೆಯಾಗಬೇಕು. ನಾವೂ ಭಾದ್ರಪದದಲ್ಲಿ ಗಣಪತಿ ಕೂರಿಸುತ್ತೇವೆ, ನವರಾತ್ರಿಗೆ ಗೊಂಬೆ ಕೂರಿಸುತ್ತೇವೆ. ಅಕ್ಕಸಾಲಿಗ ಉಂಗುರಕ್ಕೆ ಹರಳು ಕೂರಿಸುತ್ತಾನೆ, ಬಡಗಿ ಗೋಡೆಗೆ ಕಿಟಕಿ ಕೂರಿಸುತ್ತಾನೆ. ಬಟ್ಟೆ ಮೈಗೆ ಸರಿಯಾಗಿ ಕೂರುತ್ತದೆ, ಲೆಕ್ಕ ಮಾತ್ರ ತಲೆಗೆ ಕೂರುವುದಿಲ್ಲ. ಸರಿದ ಮೂಳೆಯನ್ನು ಅದರ ಜಾಗಕ್ಕೆ ಕೂರಿಸುವುದಕ್ಕೂ ಇಂಗ್ಲಿಷಿನವರಿಗೆ ‘ಸೆಟ್’ ಬೇಕು. ಅಚ್ಚಿನ ಮೊಳೆ ಜೋಡಿಸುವುದು, ಗಡಿಯಾರ ಸರಿಪಡಿಸುವುದು, ಪ್ರಶ್ನೆಪತ್ರಿಕೆ ತಯಾರಿಸುವುದು, ದಿನ ಗೊತ್ತುಮಾಡುವುದು ಎಲ್ಲಕ್ಕೂ ಅದೇ. ಇಂಥದ್ದು ಇಂಥಲ್ಲಿ ಇರಲಿ ಎಂದು ಇಡುವ ಪ್ರತಿಯೊಂದು ಕೆಲಸವೂ ಆ ಪದದೊಳಗೆ ಬಂದು ಸೇರಿಕೊಂಡಿತು. ಸಿಮೆಂಟು ಗಟ್ಟಿಯಾಗುವುದು ಆಮೇಲಿನ ಮಾತು. ಕೂತದ್ದು ಇನ್ನು ಅಲ್ಲಾಡುವುದಿಲ್ಲ ಎಂಬಲ್ಲಿಂದ ಬಂದದ್ದು.

ಸೂರ್ಯ ‘ಸೆಟ್’ ಆಗುವುದಂತೂ ಸೊಗಸು. ಹಳೆಯ ಇಂಗ್ಲಿಷಿನಲ್ಲಿ ಸೂರ್ಯಾಸ್ತಕ್ಕೆ ‘ಸೆಟ್ಲ್‌ಗಾಂಗ್’ ಎಂಬ ಮಾತಿತ್ತು. ಸೆಟ್ಲ್ ಅಂದರೆ ಪೀಠ, ಗಾಂಗ್ ಅಂದರೆ ಹೋಗುವುದು. ನಮ್ಮ ಸೂರ್ಯ ಮುಳುಗುತ್ತಾನೆ, ಅವರ ಸೂರ್ಯ ಕೂರಲು ಹೊರಡುತ್ತಾನೆ.

ಇನ್ನು ಸೆಟ್ ದೋಸೆಯ ಸೆಟ್. ಎರಡೋ ಮೂರೋ ಮೆತ್ತನೆಯ ದೋಸೆ ಒಂದರ ಮೇಲೊಂದು ತಟ್ಟೆಗೆ ಬಂದರೆ ಅದು ಸೆಟ್. ಕೂರಿಸುವುದಕ್ಕೂ ಇದಕ್ಕೂ ಹುಟ್ಟಿನಲ್ಲಿ ನಂಟಿಲ್ಲ. ಈ ನಾಮಪದ ಲ್ಯಾಟಿನ್ನಿನ ‘ಸೆಕ್ಟಾ’ದಿಂದ ಹಳೆಯ ಫ್ರೆಂಚಿನ ‘ಸೆಟ್’ ಮೂಲಕ ಇಂಗ್ಲಿಷಿಗೆ ಇಳಿದದ್ದು. ಸೆಕ್ಟಾ ಅಂದರೆ ಹಿಂಬಾಲಿಸುವಿಕೆ. ಅಲ್ಲಿಂದ ಒಬ್ಬ ಗುರುವನ್ನು ಹಿಂಬಾಲಿಸುವವರ ಗುಂಪು, ಪಂಥ. ಜನರ ಗುಂಪಿಗೆ ಇದ್ದ ಹೆಸರು ನಿಧಾನಕ್ಕೆ ಒಟ್ಟಿಗೆ ಬಳಸುವ ವಸ್ತುಗಳ ಗುಂಪಿಗೂ ದಾಟಿತು. ಹೊಂದುವ ಕೋಟು, ಪ್ಯಾಂಟು ಸೇರಿದರೆ ‘ಸೂಟು’ ಎನ್ನುತ್ತಾರಲ್ಲ, ಅದೂ ಇದೇ ಬೇರಿನ ಇನ್ನೊಂದು ಟಿಸಿಲು. ಮೋಟರನ್ನು ಪಂಪು ಹಿಂಬಾಲಿಸಿದರೆ ಪಂಪ್‌ಸೆಟ್. ಆದರೆ ಒಂದೇ ಉಚ್ಚಾರದ ಕ್ರಿಯಾಪದ ಪಕ್ಕದಲ್ಲೇ ಇದ್ದುದರಿಂದ ‘ಜೋಡಿಸಿ ಇಟ್ಟದ್ದು’ ಎಂಬ ಛಾಯೆಯೂ ನಾಮಪದಕ್ಕೆ ಅಂಟಿತು. ಯಾವ ಅರ್ಥ ಯಾರದು ಎಂದು ಪಾಲು ಮಾಡುವುದು ಕಷ್ಟವಾಯಿತು.

ಈ ಎರಡೂ ಬೇರುಗಳು ಇನ್ನೂ ಹಿಂದಕ್ಕೆ ಹೋದರೆ ನಮ್ಮ ಅಂಗಳಕ್ಕೇ ಬರುತ್ತವೆ. ಕೂರುವ ‘ಸಿಟ್’ಗೆ ಸಂಸ್ಕೃತದ ಸೋದರ ‘ಸದ್’ ಧಾತು. ಸದನ, ಸಂಸತ್ತು, ಉಪನಿಷತ್ತು, ಪರಿಷತ್ತು ಎಲ್ಲ ಅದರ ಮಕ್ಕಳು. ಹಿಂಬಾಲಿಸುವ ಸೆಕ್ಟಾದ ಬೇರಿಗೆ ಸೋದರ ‘ಸಚ್’ ಧಾತು: ಜೊತೆಯಾಗು, ಸಂಗಡ ಹೋಗು. ರಾಜನ ಸಂಗಡಿಗನಾದ ‘ಸಚಿವ’ ಅಲ್ಲಿಂದ ಬಂದವನು. ಸಚಿವರು ಸದನದಲ್ಲಿ ಕೂತ ಚಿತ್ರ ಪತ್ರಿಕೆಯಲ್ಲಿ ಬಂದಾಗಲೆಲ್ಲ ‘ಸೆಟ್’ ಪದದ ಎರಡೂ ಮನೆತನಗಳು ಒಂದೇ ಚೌಕಟ್ಟಿನಲ್ಲಿ ಇರುತ್ತವೆ. ಹಿಂಬಾಲಿಸುವ ಗುಣ ಅವರಲ್ಲಿ ಎಷ್ಟರಮಟ್ಟಿಗೆ ಉಳಿದಿದೆ ಎಂಬುದು ರಾಜಕೀಯ ವರದಿಗಾರರ ವಿಷಯ.

ಇದನ್ನೆಲ್ಲ ಬಿಡಿಸುವ ಕೆಲಸ ಸುಲಭದ್ದಾಗಿರಲಿಲ್ಲ. ಆಕ್ಸ್‌ಫರ್ಡ್ ನಿಘಂಟಿಗೆ ಲಂಡನ್ನಿನ ಫಿಲಾಲಜಿಕಲ್ ಸೊಸೈಟಿಯಲ್ಲಿ ಬೀಜ ಬಿದ್ದದ್ದು 1857ರಲ್ಲಿ, ಮೊದಲ ಸಂಚಿಕೆ ಅಚ್ಚಾದದ್ದು 1884ರಲ್ಲಿ, ಮುಗಿದದ್ದು 1928ರಲ್ಲಿ. ಸ್ವಯಂಸೇವಕರು ಪುಸ್ತಕಗಳನ್ನು ಓದಿ, ಪದ ಬಳಕೆಯಾದ ವಾಕ್ಯವನ್ನು ಚೀಟಿಗಳಲ್ಲಿ ಬರೆದು ಕಳಿಸುತ್ತಿದ್ದರು. ಅವರ ಕಣ್ಣು ಹೋಗುತ್ತಿದ್ದುದು ವಿಚಿತ್ರ ಪದಗಳ ಮೇಲೆ. ಬಳಕೆ ತಪ್ಪಿದ ‘ಅಬ್ಯೂಷನ್’ಗೆ 50ರಷ್ಟು ಚೀಟಿಗಳು ಬಂದಿದ್ದವು, ಎಲ್ಲರೂ ಬಳಸುವ ‘ಅಬ್ಯೂಸ್’ಗೆ ಐದೂ ಇರಲಿಲ್ಲ ಎಂದು ಸಂಪಾದಕ ಜೇಮ್ಸ್ ಮರ್ರೆ ಗೊಣಗಿದ್ದರು. ದಿನಬಳಕೆಯ ಪದವನ್ನು ಯಾರೂ ಗಮನಿಸುವುದಿಲ್ಲ. ಅದರ ಅರ್ಥ ನಮಗೆ ಗೊತ್ತು ಎಂಬ ಭ್ರಮೆಯೇ ಅದಕ್ಕೆ ಕಾರಣ.

‘ಸೆಟ್’ ಬರುವ ಭಾಗದ ಸಂಪಾದನೆ ಹೆನ್ರಿ ಬ್ರಾಡ್ಲಿಯವರ ಪಾಲಿಗೆ ಬಂತು. ಈ ಮನುಷ್ಯನ ಕಥೆಯನ್ನು ಒಂದು ಪ್ಯಾರಾದಲ್ಲಿ ಹೇಳಿ ಮುಗಿಸುವುದು ಅನ್ಯಾಯ, ಆದರೂ ಹೇಳದೆ ಬಿಡಲಾಗದು. ಮನೆಯಲ್ಲಿ ಪ್ರಾರ್ಥನೆಯ ಹೊತ್ತು ತಂದೆಯ ಮಡಿಲಲ್ಲಿದ್ದ ಬೈಬಲ್ಲನ್ನು ಎದುರಿನಿಂದ ನೋಡಿ ನೋಡಿ, ಬಾಲಕ ಬ್ರಾಡ್ಲಿ ಮೊದಲು ಓದಲು ಕಲಿತದ್ದೇ ತಲೆಕೆಳಗಾದ ಅಕ್ಷರಗಳನ್ನಂತೆ. ಮುಂದೆ ಶೆಫೀಲ್ಡ್‌ನ ಚಾಕು–ಕತ್ತರಿ ಕಂಪನಿಯೊಂದರಲ್ಲಿ 20 ವರ್ಷ ಗುಮಾಸ್ತಿಕೆ. ಭಾಷೆಗಳನ್ನೆಲ್ಲ ಕಲಿತದ್ದು ಬಿಡುವಿನ ವೇಳೆಯಲ್ಲಿ, ತಾನಾಗಿಯೇ. 1884ರಲ್ಲಿ ನಿಘಂಟಿನ ಮೊದಲ ಸಂಚಿಕೆಗೆ ‘ಅಕಾಡೆಮಿ’ ಪತ್ರಿಕೆಯಲ್ಲಿ ಅವರು ಬರೆದ ವಿಮರ್ಶೆ ಎಷ್ಟು ಪಾಂಡಿತ್ಯದ್ದಾಗಿತ್ತೆಂದರೆ, ಮರ್ರೆ ಈ ವಿಮರ್ಶಕನನ್ನೇ ಕೆಲಸಕ್ಕೆ ಕರೆದರು. ತಪ್ಪು ತೋರಿಸಿದವನಿಗೆ ಕೆಲಸ ಕೊಡುವ ಸಂಪಾದಕರು ಅಪರೂಪ. 1915ರಲ್ಲಿ ಮರ್ರೆ ತೀರಿಕೊಂಡ ಮೇಲೆ ಬ್ರಾಡ್ಲಿಯೇ ಹಿರಿಯ ಸಂಪಾದಕರಾದರು. 1923ರಲ್ಲಿ ಅವರೂ ಹೋದರು. ಇಬ್ಬರೂ ಮುಗಿದ ನಿಘಂಟನ್ನು ಕಾಣಲಿಲ್ಲ.

‘ಸೆಟ್’ನ ಪಟ್ಟ ಈಗ ಹೋಗಿದೆ. ಮೂರನೇ ಆವೃತ್ತಿಯ ಪರಿಷ್ಕರಣೆ ‘ಎಂ’ ಅಕ್ಷರದಿಂದ ಆರಂಭವಾದ್ದರಿಂದ 2000ದಲ್ಲಿ ‘ಮೇಕ್’, 2007ರಲ್ಲಿ ‘ಪುಟ್’ ಅದನ್ನು ಹಿಂದಿಕ್ಕಿದವು. 2011ರಲ್ಲಿ 645 ಅರ್ಥಗಳೊಂದಿಗೆ ‘ರನ್’ ಎಲ್ಲರ ಮುಂದೆ ಓಡಿತು. ಹೊಸದಾಗಿ ಎಣಿಸಿದ ‘ರನ್’ ಮುಂದೆ ಹಳೆಯ ಎಣಿಕೆಯ ‘ಸೆಟ್’ ನಿಲ್ಲಿಸಿದ್ದು ನ್ಯಾಯದ ಪಂದ್ಯವಲ್ಲ ಎಂದು ನನ್ನ ತಕರಾರು. ಏನೇ ಇರಲಿ, ಕನ್ನಡದಲ್ಲಿ ಸೆಟ್ಟಿಗೇ ಗೆಲುವು. ‘ರನ್’ ಇಲ್ಲಿ ಕ್ರಿಕೆಟ್ ಮೈದಾನದ ಆಚೆ ಅಷ್ಟಾಗಿ ಕಾಲಿಟ್ಟಿಲ್ಲ. ಆ ಜಾಗ ಖಾಲಿ ಇರಲಿಲ್ಲ: ಸಿನಿಮಾ ನೂರು ದಿನ ಓಡುವುದಕ್ಕೂ ಆಟೊದ ಮೀಟರು ಓಡುವುದಕ್ಕೂ ನಮ್ಮ ‘ಓಡು’ ಮೊದಲೇ ಅಲ್ಲಿತ್ತು.