ಎಲ್ಲ ಉತ್ತರ ಕರ್ನಾಟಕದವರಿಗೂ 371(ಜೆ) ಸಿಗುತ್ತದೆಯೇ? ನಕ್ಷೆಯಲ್ಲಿರುವ ವಿಭಾಗ, ಮನಸ್ಸಿನಲ್ಲಿರುವ ಸೀಮೆ

ಬೆಂಗಳೂರಿನ ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್ ಸುತ್ತಮುತ್ತ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಸಾವಿರಾರು ಹುಡುಗ ಹುಡುಗಿಯರಿದ್ದಾರೆ. ಪಿಜಿ, ಮೆಸ್, ಜೆರಾಕ್ಸ್ ಅಂಗಡಿ, ಲೈಬ್ರರಿ ಎಲ್ಲವೂ ಅವರಿಂದಲೇ ತುಂಬಿರುತ್ತವೆ. ನೇಮಕಾತಿ ಅರ್ಜಿ ಬಿಟ್ಟ ದಿನ ಅವರ ನಡುವೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ನಾನು ಉತ್ತರ ಕರ್ನಾಟಕದವನು, ನನಗೆ 371(ಜೆ) ಅನ್ವಯಿಸುತ್ತಾ?"

ಧಾರವಾಡದವರು "ಹೌದು" ಅಂದುಕೊಂಡಿರುತ್ತಾರೆ. ಹರಪನಹಳ್ಳಿಯವರಿಗೆ ಅನುಮಾನ. ಇನ್ನು "ನಮ್ಮೂರು ವಿಜಯನಗರ" ಎಂದವರಿಗೆ ಮರುಪ್ರಶ್ನೆ ಗ್ಯಾರಂಟಿ: ಮೆಟ್ರೋ ನಿಲ್ಲುವ ವಿಜಯನಗರವೋ, ಹೊಸಪೇಟೆಯ ವಿಜಯನಗರ ಜಿಲ್ಲೆಯೋ? ತಪ್ಪಾಗಿ ತುಂಬಿದ ಒಂದು ಕಾಲಂನಿಂದ ವರ್ಷದ ಓದು ಕೈತಪ್ಪಬಹುದು. ಆದ್ದರಿಂದ ಈ ಗೊಂದಲವನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ಕರ್ನಾಟಕದಲ್ಲಿ ಎಷ್ಟು 'ಭಾಗ'ಗಳಿವೆ?

ಯಾರು ಗೆರೆ ಎಳೆಯುತ್ತಾರೆ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಕಂದಾಯ ಇಲಾಖೆಯ ಲೆಕ್ಕದಲ್ಲಿ ರಾಜ್ಯದ 31 ಜಿಲ್ಲೆಗಳು ನಾಲ್ಕು ವಿಭಾಗಗಳಲ್ಲಿ ಹಂಚಿಕೊಂಡಿವೆ: ಬೆಂಗಳೂರು ವಿಭಾಗದಲ್ಲಿ 9, ಮೈಸೂರು ವಿಭಾಗದಲ್ಲಿ 8, ಬೆಳಗಾವಿ ಮತ್ತು ಕಲಬುರಗಿ ವಿಭಾಗಗಳಲ್ಲಿ ತಲಾ 7. ಇದು ಆಡಳಿತದ ಅನುಕೂಲಕ್ಕಾಗಿ ಮಾಡಿದ ಹಂಚಿಕೆ.

ಜನರ ಬಾಯಲ್ಲಿರುವ ಹೆಸರುಗಳೇ ಬೇರೆ. ಮಳೆ, ಮಣ್ಣು, ಬೆಳೆ ನೋಡಿ ಹುಟ್ಟಿದವು ಮಲೆನಾಡು, ಕರಾವಳಿ, ಬಯಲುಸೀಮೆ. ಯಾರ ಆಳ್ವಿಕೆಯಲ್ಲಿದ್ದೆವು ಎಂಬುದರಿಂದ ಬಂದವು ಹಳೇ ಮೈಸೂರು, ಮುಂಬೈ ಕರ್ನಾಟಕ, ಹೈದರಾಬಾದ್ ಕರ್ನಾಟಕ. ಈ ಎರಡು ಬಗೆಯ ಗೆರೆಗಳೂ ಕಂದಾಯ ವಿಭಾಗಗಳ ಗೆರೆಗೆ ಪೂರ್ತಿಯಾಗಿ ಹೊಂದುವುದಿಲ್ಲ.

ಮಲೆನಾಡನ್ನೇ ನೋಡಿ. ಶಿವಮೊಗ್ಗ ಜಿಲ್ಲೆ ಬೆಂಗಳೂರು ವಿಭಾಗದಲ್ಲಿದ್ದರೆ, ಪಕ್ಕದ ಚಿಕ್ಕಮಗಳೂರು ಮೈಸೂರು ವಿಭಾಗದಲ್ಲಿದೆ. ಆದರೆ ವಿದ್ಯುತ್ ವಿಷಯಕ್ಕೆ ಬಂದರೆ ಇವೆರಡೂ ಮಂಗಳೂರಿನ ಮೆಸ್ಕಾಂಗೆ ಸೇರುತ್ತವೆ. ಕರಾವಳಿಯ ಮೂರು ಜಿಲ್ಲೆಗಳಲ್ಲಿ ದಕ್ಷಿಣ ಕನ್ನಡ, ಉಡುಪಿ ಮೈಸೂರು ವಿಭಾಗಕ್ಕೂ ಉತ್ತರ ಕನ್ನಡ ಬೆಳಗಾವಿ ವಿಭಾಗಕ್ಕೂ ಸೇರಿವೆ. ಆ ಉತ್ತರ ಕನ್ನಡದೊಳಗೂ ಕುಮಟಾ, ಹೊನ್ನಾವರ ಕಡಲ ತೀರ. ಶಿರಸಿ, ಸಿದ್ದಾಪುರ ಘಟ್ಟದ ಮೇಲಿನ ಅಡಿಕೆ ನಾಡು. ಹಳಿಯಾಳ, ಮುಂಡಗೋಡ ಧಾರವಾಡದ ಬಯಲಿಗೆ ಹತ್ತಿರ.

ಈ ಗೆರೆಗಳು ಬಂದದ್ದು ಹೇಗೆ?

1956ರ ನವೆಂಬರ್ 1ರಂದು ಇಂದಿನ ರಾಜ್ಯ ರೂಪುಗೊಂಡಿತು. ಮೈಸೂರು ರಾಜ್ಯಕ್ಕೆ ಮುಂಬೈ ರಾಜ್ಯದಿಂದ ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡ ಬಂದವು. ಹೈದರಾಬಾದ್ ರಾಜ್ಯದಿಂದ ಬೀದರ್, ಗುಲ್ಬರ್ಗಾ, ರಾಯಚೂರು ಭಾಗಗಳು, ಮದ್ರಾಸ್ ರಾಜ್ಯದಿಂದ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ ಸೇರಿದವು. ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು, ಅದೂ ಸೇರಿತು. ಕಾಸರಗೋಡು ಕೇರಳದ ಪಾಲಾಯಿತು. 1973ರಲ್ಲಿ ರಾಜ್ಯಕ್ಕೆ 'ಕರ್ನಾಟಕ' ಎಂಬ ಹೆಸರು ಬಂತು.

ಹೀಗೆ ಬೇರೆ ಬೇರೆ ಆಡಳಿತ, ಬೇರೆ ಬೇರೆ ಕಾನೂನು, ಬೇರೆ ಬೇರೆ ಮಟ್ಟದ ಶಾಲೆ–ರಸ್ತೆ–ನೀರಾವರಿ ಇದ್ದ ಪ್ರದೇಶಗಳು ಒಂದಾದವು. ಮುಂದೆ ಬಂದ 'ಪ್ರಾದೇಶಿಕ ಅಸಮಾನತೆ' ಚರ್ಚೆಯ ಒಂದು ಬೇರು ಇಲ್ಲಿದೆ.

371(ಜೆ) ನಿಜವಾಗಿ ಏನು ಹೇಳುತ್ತದೆ?

2012ರ 98ನೇ ತಿದ್ದುಪಡಿ ಕಾಯ್ದೆಯ ಮೂಲಕ ಸಂವಿಧಾನಕ್ಕೆ ಸೇರಿದ ಈ ವಿಧಿ 2013ರಲ್ಲಿ ಜಾರಿಗೆ ಬಂತು. ಹೈದರಾಬಾದ್ ಕರ್ನಾಟಕ ಪ್ರದೇಶಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಅಲ್ಲಿನ ಶಿಕ್ಷಣ ಸಂಸ್ಥೆ ಮತ್ತು ಸರ್ಕಾರಿ ಹುದ್ದೆಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ನೀಡಲು ಇದು ಅವಕಾಶ ಕೊಡುತ್ತದೆ. ಆ ಭಾಗದೊಳಗಿನ ಹುದ್ದೆಗಳಲ್ಲಿ ಸ್ಥಳೀಯರಿಗೆ ದೊಡ್ಡ ಪಾಲು ಇದ್ದರೆ, ರಾಜ್ಯಮಟ್ಟದ ಕಚೇರಿಗಳ ಹುದ್ದೆಗಳಲ್ಲಿ ಶೇ 8ರಷ್ಟು ಮೀಸಲು.

ಜಾರಿಯಾದಾಗ ಇದು ಆರು ಜಿಲ್ಲೆಗಳಿಗೆ ಅನ್ವಯಿಸುತ್ತಿತ್ತು: ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಏಳಾಯಿತು. ಅಂದರೆ ಕಲಬುರಗಿ ವಿಭಾಗದ ಅಷ್ಟೂ ಜಿಲ್ಲೆಗಳು. ವಿಭಾಗದ ಗೆರೆ ಮತ್ತು ಸೀಮೆಯ ಗೆರೆ ಇಲ್ಲಿ ಒಂದಾಗಿವೆ ಎನ್ನಬಹುದು.

ಇದರಲ್ಲೂ ಒಂದು ಸೋಜಿಗವಿದೆ. ಬಳ್ಳಾರಿ ಆಗ ಹೈದರಾಬಾದ್ ರಾಜ್ಯದಲ್ಲಿ ಇರಲೇ ಇಲ್ಲ. 1800ರಲ್ಲೇ ನಿಜಾಮ ಅದನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಿದ್ದ. ಆಮೇಲೆ ಅದು ಮದ್ರಾಸಿನ ಭಾಗವಾಗಿದ್ದು, 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಹಾಗಾಗಿ 'ಹೈದರಾಬಾದ್ ಕರ್ನಾಟಕ' ಎಂಬ ಪಟ್ಟಿಯನ್ನು ಇತಿಹಾಸದ ಪಾಠದಂತೆ ಓದಬಾರದು, ಸರ್ಕಾರದ ತೀರ್ಮಾನದಂತೆ ಓದಬೇಕು.

ಹರಪನಹಳ್ಳಿಯ ಪಾಠ

ಗೆರೆ ಸರಿದರೆ ಬದುಕು ಹೇಗೆ ಬದಲಾಗುತ್ತದೆ ಎಂಬುದಕ್ಕೆ ಹರಪನಹಳ್ಳಿ ತಾಲ್ಲೂಕಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಬಳ್ಳಾರಿಯಲ್ಲಿದ್ದ ಈ ತಾಲ್ಲೂಕು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು. 371(ಜೆ) ಬಂದಾಗ ದಾವಣಗೆರೆ ಪಟ್ಟಿಯಲ್ಲಿ ಇರಲಿಲ್ಲ. ಅಲ್ಲಿನ ಜನ ಬಳ್ಳಾರಿಗೆ ಮರಳಬೇಕೆಂದು ಹೋರಾಡಿದರು, 2018ರಲ್ಲಿ ಮರಳಿದರು. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದರು. ಅದೇ ಊರು, ಅದೇ ಹೊಲ, ಅದೇ ಮಾತು. ಕಾಲು ಶತಮಾನದೊಳಗೆ ಜಿಲ್ಲೆಗಳು ಮೂರು!

ಮೂರು ತಪ್ಪು ನಂಬಿಕೆಗಳು

"ಉತ್ತರ ಕರ್ನಾಟಕದವರಿಗೆಲ್ಲ 371(ಜೆ) ಇದೆ." ಇಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ, ಗದಗ, ಹಾವೇರಿ ಜಿಲ್ಲೆಗಳು ಇದರಲ್ಲಿ ಬರುವುದಿಲ್ಲ. ವಿಜಯಪುರ ಮತ್ತು ವಿಜಯನಗರ ಜಿಲ್ಲೆಗಳ ಹೆಸರನ್ನು ಅದಲುಬದಲು ಮಾಡಿಕೊಳ್ಳಬೇಡಿ.

"ಹೆಸರು ಬದಲಾದ ಮೇಲೆ ಸವಲತ್ತೂ ಬದಲಾಗಿದೆ." ಇಲ್ಲ. 2019ರಲ್ಲಿ ಹೈದರಾಬಾದ್ ಕರ್ನಾಟಕ 'ಕಲ್ಯಾಣ ಕರ್ನಾಟಕ'ವಾಯಿತು, 2021ರಲ್ಲಿ ಮುಂಬೈ ಕರ್ನಾಟಕ 'ಕಿತ್ತೂರು ಕರ್ನಾಟಕ'ವಾಯಿತು. ಹೊಸ ಹೆಸರಿನಿಂದ ಮೊದಲನೆಯದರ ಸವಲತ್ತು ಹೋಗಲಿಲ್ಲ, ಎರಡನೆಯದಕ್ಕೆ ಬರಲೂ ಇಲ್ಲ.

"ಹಿಂದುಳಿದಿರುವುದು ಉತ್ತರ ಮಾತ್ರ." ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಆಗಿನ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದಿವೆ ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು: 26 ಉತ್ತರದಲ್ಲಿ, 13 ದಕ್ಷಿಣದಲ್ಲಿ. ಉತ್ತರದ ಪಾಲು ದೊಡ್ಡದು ನಿಜ, ಆದರೆ ದಕ್ಷಿಣದ 13ನ್ನು ಮರೆಯುವಂತಿಲ್ಲ. ಸಮಿತಿ ಅಳೆದದ್ದು ತಾಲ್ಲೂಕುಗಳನ್ನು. 'ಉತ್ತರ', 'ದಕ್ಷಿಣ' ಎಂಬ ದೊಡ್ಡ ಹೆಸರುಗಳಡಿ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ.

ಬೇರೆ ಕಡೆ ಹೀಗಿದೆಯೇ?

ಸ್ವೀಡನ್ ದೇಶದಲ್ಲಿ ಆಡಳಿತಕ್ಕೆ 21 ಜಿಲ್ಲೆಗಳಿವೆ. ಅವುಗಳ ಜೊತೆಗೆ 25 ಹಳೆಯ ಸೀಮೆಗಳೂ ಇವೆ. 1634ರಲ್ಲಿ ಜಿಲ್ಲೆಗಳ ವ್ಯವಸ್ಥೆ ಬಂದ ಮೇಲೆ ಆ ಸೀಮೆಗಳಿಗೆ ಆಡಳಿತದಲ್ಲಿ ಕೆಲಸ ಉಳಿಯಲಿಲ್ಲ. ಸ್ಮೋಲಂಡ್ ಎಂಬ ಸೀಮೆ ಈಗ ಮುಖ್ಯವಾಗಿ ಮೂರು ಜಿಲ್ಲೆಗಳಲ್ಲಿ ಹಂಚಿಹೋಗಿದೆ. ಆದರೂ ಅಲ್ಲಿನವರು ಇಂದಿಗೂ ತಮ್ಮನ್ನು ಸ್ಮೋಲಂಡಿನವರೆಂದೇ ಹೇಳಿಕೊಳ್ಳುತ್ತಾರೆ, ನಮ್ಮಲ್ಲಿ ತೀರ್ಥಹಳ್ಳಿಯವರು "ನಾವು ಮಲೆನಾಡಿನವರು" ಎನ್ನುವ ಹಾಗೆ.

ಹಾಗಾದರೆ ಅರ್ಜಿಯಲ್ಲಿ ಏನು ಬರೆಯಬೇಕು?

ನಿಮ್ಮ ಸೀಮೆ ಯಾವುದೆಂದು ನೋಡಬೇಡಿ, ಜಿಲ್ಲೆ ಮತ್ತು ತಾಲ್ಲೂಕು ನೋಡಿ. ಈ ಮೀಸಲಾತಿಯ ಆಧಾರ ಆ ಪ್ರದೇಶದ ಹುಟ್ಟು ಅಥವಾ ನಿಯಮದಂತೆ ಅಲ್ಲಿನ ವಾಸ. ಓದಲು ಬಂದು ನಾಲ್ಕು ವರ್ಷ ಬೆಂಗಳೂರಿನಲ್ಲಿದ್ದ ಮಾತ್ರಕ್ಕೆ ರಾಯಚೂರಿನಲ್ಲಿ ಹುಟ್ಟಿದವರ ಹಕ್ಕು ಹೋಗುವುದಿಲ್ಲ. ಆದರೆ ಬಾಯಿಮಾತು ನಡೆಯುವುದಿಲ್ಲ, ಉಪವಿಭಾಗಾಧಿಕಾರಿ ಕೊಡುವ ಅರ್ಹತಾ ಪ್ರಮಾಣಪತ್ರ ಬೇಕು. ಅದನ್ನು ಅರ್ಜಿಯ ಕೊನೆಯ ದಿನಕ್ಕೆ ಕಾಯದೆ ಮೊದಲೇ ಮಾಡಿಸಿಟ್ಟುಕೊಳ್ಳಿ.

ಸರ್ಕಾರದ ಗೆರೆ ಸೌಲಭ್ಯ ಹಂಚಲು ಇದೆ, ಅದು ನಾಳೆ ಬದಲಾಗಬಹುದು. ಜೋಳದ ರೊಟ್ಟಿಯೋ, ರಾಗಿ ಮುದ್ದೆಯೋ, ಕುಚ್ಚಲಕ್ಕಿ ಗಂಜಿಯೋ ಎನ್ನುವುದು ಯಾವ ಅಧಿಸೂಚನೆಯಿಂದಲೂ ಬದಲಾಗುವುದಿಲ್ಲ. ಅರ್ಜಿಯಲ್ಲಿ ಮೊದಲನೆಯದನ್ನು ಬರೆಯಿರಿ. ಮೆಸ್ಸಿನಲ್ಲಿ ಎದುರು ಕುಳಿತವರು "ಯಾವ ಕಡೆಯವರು?" ಎಂದು ಕೇಳಿದರೆ ಎರಡನೆಯದನ್ನು ಹೇಳಿ.