ವಸತಿ ಬಡಾವಣೆಯ ಟೆನಿಸ್ ಅಂಕಣ: ಆಟ ಕೆಲವರದು, ಲೆಕ್ಕ ಎಲ್ಲರದು

ಬೆಂಗಳೂರು, ಮೈಸೂರು, ಮಂಗಳೂರು ಮುಂತಾದ ನಗರಗಳ ಯೋಜಿತ ಬಡಾವಣೆಗಳ ಮಾರಾಟ ಪುಸ್ತಿಕೆಗಳಲ್ಲಿ ಈಜುಕೊಳ, ವ್ಯಾಯಾಮಶಾಲೆ, ಕ್ಲಬ್‌ಹೌಸ್‌ಗಳ ಜೊತೆಗೆ ಟೆನಿಸ್ ಅಂಕಣದ ಚಿತ್ರವನ್ನೂ ಕಾಣಬಹುದು. ಮನೆ ಕೊಳ್ಳುವವರು ಆ ಅಂಕಣದ ಬೆಲೆಯನ್ನೂ ಸೇರಿಸಿಯೇ ಹಣ ಕೊಟ್ಟಿರುತ್ತಾರೆ. ನಿರ್ಮಾಪಕರು ಬಡಾವಣೆಯನ್ನು ನಿವಾಸಿಗಳ ಸಂಘಕ್ಕೆ ಒಪ್ಪಿಸಿ ಹೊರನಡೆದ ದಿನದಿಂದ ಆ ಸ್ವತ್ತಿನ ಪೂರ್ಣ ಹೊಣೆ ಸಂಘದ ಮೇಲೆ ಬೀಳುತ್ತದೆ. ಮೊದಲ ವರ್ಷ ಉತ್ಸಾಹದಿಂದ ತರಬೇತಿ ಆರಂಭವಾಗುತ್ತದೆ. ಅನೇಕ ಕಡೆ ಮೂರು ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಬಲೆ ಹರಿದು, ನೆಲ ಬಿರುಕುಬಿಟ್ಟು, ಅಂಕಣವು ಮಕ್ಕಳ ಸೈಕಲ್ ಸವಾರಿಗೋ ಮದುವೆಯ ಊಟದ ಪೆಂಡಾಲಿಗೋ ಮೀಸಲಾಗಿಬಿಡುತ್ತದೆ.

ಇದಕ್ಕೆ ಆಸಕ್ತಿಯ ಕೊರತೆಯೇ ಕಾರಣವೆಂದು ಹೇಳಲಾಗದು. ಬೆಂಗಳೂರಿಗೆ ಟೆನಿಸ್ ಹೊಸದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1917ರಲ್ಲಿ ಸ್ಥಾಪಿಸಿದ ಸೆಂಚುರಿ ಕ್ಲಬ್ ಆಗಲಿ, ಕಬ್ಬನ್ ಉದ್ಯಾನದಲ್ಲಿರುವ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಕಣಗಳಾಗಲಿ ಈ ಆಟದೊಂದಿಗೆ ನಗರಕ್ಕಿರುವ ಹಳೆಯ ನಂಟನ್ನು ಸಾರುತ್ತವೆ. ಕೊಡಗಿನ ರೋಹನ್ ಬೋಪಣ್ಣನವರು 2024ರಲ್ಲಿ ತಮ್ಮ 43ನೆಯ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಪ್ರಶಸ್ತಿ ಗೆದ್ದಾಗ, ನಡುವಯಸ್ಸಿನ ನಿವಾಸಿಗಳೂ ರ್‍ಯಾಕೆಟ್ ಹಿಡಿಯಲು ಹುರುಪುಗೊಂಡಿದ್ದರೆ ಆಶ್ಚರ್ಯವಿಲ್ಲ. ಕೊರತೆ ಇರುವುದು ಲೆಕ್ಕಪತ್ರದಲ್ಲಿ. ಯಾವ ವೆಚ್ಚವನ್ನು ಯಾರು ಭರಿಸಬೇಕೆಂಬುದನ್ನು ಮೊದಲೇ ನಿರ್ಧರಿಸದೆ ಎಲ್ಲವನ್ನೂ ಮಾಸಿಕ ನಿರ್ವಹಣಾ ಶುಲ್ಕದೊಳಗೆ ಸೇರಿಸುವುದರಿಂದ ಆಡದವರಲ್ಲಿ ಅಸಮಾಧಾನವೂ, ಆಡುವವರಲ್ಲಿ ಅಲಕ್ಷ್ಯವೂ ಬೆಳೆಯುತ್ತವೆ.

ಆರು ನಿವೇಶನಗಳಷ್ಟು ಬೆಲೆಬಾಳುವ ನೆಲ

ಟೆನಿಸ್ ಅಂಕಣದ ಉದ್ದ 23.77 ಮೀಟರ್, ಡಬಲ್ಸ್ ಆಟಕ್ಕೆ ಅಗಲ 10.97 ಮೀಟರ್. ಆಟಗಾರರ ಓಡಾಟಕ್ಕೆ ಸುತ್ತಲೂ ಬಿಡಬೇಕಾದ ಜಾಗವನ್ನು ಸೇರಿಸಿದರೆ ಒಂದು ಅಂಕಣಕ್ಕೆ ಸುಮಾರು 120 ಅಡಿ ಉದ್ದ, 60 ಅಡಿ ಅಗಲದ ನೆಲ ಬೇಕು. ಅಂದರೆ 7,200 ಚದರ ಅಡಿ. ಬೆಂಗಳೂರಿನವರಿಗೆ ಚಿರಪರಿಚಿತವಾದ ಮೂವತ್ತು-ನಲವತ್ತರ ಆರು ನಿವೇಶನಗಳಿಗೆ ಇದು ಸಮ. ಎರಡು ಅಂಕಣಗಳಿರುವ ಬಡಾವಣೆ ಹನ್ನೆರಡು ನಿವೇಶನಗಳನ್ನು ಈ ಆಟಕ್ಕಾಗಿ ತೆಗೆದಿರಿಸಿದೆ ಎಂದಾಯಿತು. ಇಷ್ಟು ಬೆಲೆಬಾಳುವ ಸ್ವತ್ತನ್ನು ಪಾಳುಬಿಡುವ ಹಕ್ಕು ಯಾವುದೇ ಒಂದು ವರ್ಷದ ಕಾರ್ಯಕಾರಿ ಸಮಿತಿಗೆ ಇಲ್ಲ.

ಬಡಾವಣೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಡಾಂಬರು ಅಥವಾ ಕಾಂಕ್ರೀಟ್ ತಳದ ಮೇಲೆ ಅಕ್ರಿಲಿಕ್ ಬಣ್ಣದ ಲೇಪವಿರುವ ಗಟ್ಟಿ ಅಂಕಣ. ಮಣ್ಣಿನ ಅಂಕಣದಂತೆ ಇದಕ್ಕೆ ದಿನವೂ ನೀರು ಚಿಮುಕಿಸಿ ರೋಲರ್ ಎಳೆಯುವ ಕೆಲಸವಿಲ್ಲ. ಆದರೆ ಬಳಕೆ ಮತ್ತು ಹವೆಯನ್ನು ಅನುಸರಿಸಿ ಸುಮಾರು ಐದರಿಂದ ಎಂಟು ವರ್ಷಗಳಿಗೊಮ್ಮೆ ಮರುಲೇಪನ ಅನಿವಾರ್ಯ. ಮಳೆನೀರು ನಿಲ್ಲದಂತೆ ನೆಲಕ್ಕೆ ಒಂದೇ ದಿಕ್ಕಿನಲ್ಲಿ ನೂರಕ್ಕೆ ಒಂದರಷ್ಟು ಇಳಿಜಾರು ಇರಬೇಕು. ಬೆಳಗಿನ ಮತ್ತು ಸಂಜೆಯ ಬಿಸಿಲು ಆಟಗಾರರ ಕಣ್ಣಿಗೆ ಹೊಡೆಯದಂತೆ ಅಂಕಣದ ಉದ್ದವು ಉತ್ತರ-ದಕ್ಷಿಣವಾಗಿರಬೇಕು. ನಿರ್ಮಾಪಕರಿಂದ ಸ್ವತ್ತನ್ನು ವಹಿಸಿಕೊಳ್ಳುವ ಸಂದರ್ಭದಲ್ಲಿಯೇ ಸಂಘವು ಒಮ್ಮೆ ಅಂಕಣಕ್ಕೆ ನೀರು ಹಾಯಿಸಿ, ಅದು ಎಲ್ಲಿ ನಿಲ್ಲುತ್ತದೆಂದು ನೋಡಿ ದಾಖಲಿಸುವುದು ಲೇಸು.

ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯಿದೆ, 2016ರ 14(3)ನೆಯ ಪ್ರಕರಣದಂತೆ, ಸ್ವಾಧೀನ ನೀಡಿದ ದಿನದಿಂದ ಐದು ವರ್ಷಗಳೊಳಗೆ ಕಾಮಗಾರಿಯ ಅಥವಾ ಗುಣಮಟ್ಟದ ದೋಷವನ್ನು ಗಮನಕ್ಕೆ ತಂದಲ್ಲಿ, ನಿರ್ಮಾಪಕರು ಬೇರೆ ಹಣ ಕೇಳದೆ 30 ದಿನಗಳಲ್ಲಿ ಅದನ್ನು ಸರಿಪಡಿಸಬೇಕು. ಬಳಕೆಯ ಸವೆತಕ್ಕೆ ಇದು ಅನ್ವಯಿಸದು. ತಳವೇ ಕುಸಿದು ಬಿರುಕುಬಿಟ್ಟರೆ ಈ ಹಕ್ಕನ್ನು ಕೇಳಬಹುದು. ಆದುದರಿಂದ ದಿನಾಂಕವಿರುವ ಛಾಯಾಚಿತ್ರ ಮತ್ತು ಲಿಖಿತ ದೂರು ಸಂಘದ ಕಡತದಲ್ಲಿರುವುದು ಮುಖ್ಯ.

ಉಳಿಸಿಡಲಾಗದ ಸರಕು

ಬಸ್ಸಿನ ಖಾಲಿ ಆಸನದಂತೆ, ಹೋಟೆಲಿನ ಖಾಲಿ ಕೋಣೆಯಂತೆ, ಅಂಕಣದ ಒಂದು ಗಂಟೆಯೂ ಉಳಿಸಿಡಲಾಗದ ಸರಕು. ಬೆಳಿಗ್ಗೆ 6ರಿಂದ 10, ಸಂಜೆ 4ರಿಂದ 9 ಎಂದು ಇಟ್ಟುಕೊಂಡರೆ ಎರಡು ಅಂಕಣಗಳಿಗೆ ದಿನಕ್ಕೆ 18 ಗಂಟೆ, ತಿಂಗಳಿಗೆ 540 ಗಂಟೆ ದೊರೆಯುತ್ತದೆ. ಮಳೆ, ದುರಸ್ತಿ, ಹಬ್ಬಗಳಿಗೆಂದು ಐದರಲ್ಲೊಂದು ಭಾಗ ಕಳೆದರೆ ಉಳಿಯುವುದು 432 ಗಂಟೆ. ಒಟ್ಟಾರೆ ನೋಡಿದರೆ ಇದು ಧಾರಾಳ. ಆದರೆ ಬೇಡಿಕೆಯೆಲ್ಲ ಬೆಳಿಗ್ಗೆ 6ರಿಂದ 8 ಮತ್ತು ಸಂಜೆ 6ರಿಂದ 8ರೊಳಗೆ ಕಿಕ್ಕಿರಿಯುತ್ತದೆ. ಸರಾಸರಿಯನ್ನು ನಂಬಿ ನಿಯಮ ರೂಪಿಸಿದ ಸಮಿತಿಗಳು ಎಡವುವುದು ಇಲ್ಲಿಯೇ. ಮಕ್ಕಳ ತರಬೇತಿಯನ್ನು ಸಂಜೆ 4ರಿಂದ 7ರವರೆಗೆ ಒಂದೇ ಅಂಕಣಕ್ಕೆ ಸೀಮಿತಗೊಳಿಸಿ, ಎರಡನೆಯದನ್ನು ಸದಸ್ಯರ ಆಟಕ್ಕೆ ಬಿಡುವುದರಿಂದ ಅರ್ಧದಷ್ಟು ಜಗಳಗಳು ಹುಟ್ಟುವ ಮೊದಲೇ ಶಮನವಾಗುತ್ತವೆ.

ಒಂದೇ ಅಂಕಣದಲ್ಲಿ ಹೆಚ್ಚು ಮಕ್ಕಳಿಗೆ ಕಲಿಸಲು ಸಾಧ್ಯವೇ ಎಂಬ ಪ್ರಶ್ನೆಗೆ ಅಂತಾರಾಷ್ಟ್ರೀಯ ಟೆನಿಸ್ ಒಕ್ಕೂಟದ ನಿಯಮದಲ್ಲಿಯೇ ಉತ್ತರವಿದೆ. 2012ರ ಜನವರಿಯಿಂದ 10 ವರ್ಷ ಹಾಗೂ ಅದಕ್ಕಿಂತ ಕೆಳಗಿನವರ ಸ್ಪರ್ಧೆಗಳಲ್ಲಿ ಸಾಮಾನ್ಯ ಹಳದಿ ಚೆಂಡಿನ ಬಳಕೆ ನಿಂತು, ನಿಧಾನವಾಗಿ ಪುಟಿಯುವ ಕೆಂಪು, ಕಿತ್ತಳೆ ಮತ್ತು ಹಸಿರು ಗುರುತಿನ ಚೆಂಡುಗಳು ಬಂದವು. ಕೆಂಪು ಚೆಂಡಿನ ಆಟಕ್ಕೆ ಸುಮಾರು 11 ಮೀಟರ್ ಉದ್ದದ ಪುಟ್ಟ ಅಂಕಣ ಸಾಕು. ಒಂದು ಪೂರ್ಣ ಅಂಕಣದಲ್ಲಿ ಇಂಥ ನಾಲ್ಕನ್ನು ಅಳವಡಿಸಿದರೆ ಎಂಟು ಮಕ್ಕಳು ಸಾಲಿನಲ್ಲಿ ಕಾಯದೆ ಏಕಕಾಲದಲ್ಲಿ ಆಡಬಹುದು.

ಒಂದು ಮಾದರಿ ಲೆಕ್ಕ

350 ಮನೆಗಳು, ಎರಡು ಅಂಕಣಗಳು ಇರುವ ಒಂದು ಬಡಾವಣೆಯನ್ನು ಕಲ್ಪಿಸಿಕೊಳ್ಳೋಣ. ಕೆಳಗಿನ ಅಂಕಿಗಳು ವಿವರಣೆಗಾಗಿ ಮಾತ್ರ. ಆಯಾ ಸಂಘವು ತನ್ನ ವಾಸ್ತವ ಅಂಕಿಗಳನ್ನು ತುಂಬಿಕೊಳ್ಳಬೇಕು.

ಮಾಸಿಕ ವೆಚ್ಚ:
ಮುಖ್ಯ ತರಬೇತುದಾರರ ಶುಲ್ಕ – ರೂ. 45,000
ಸಹಾಯಕ ತರಬೇತುದಾರರ ಶುಲ್ಕ – ರೂ. 18,000
ಚೆಂಡುಗಳು – ರೂ. 9,000
ಅಂಕಣ ನೋಡಿಕೊಳ್ಳುವ ಸಿಬ್ಬಂದಿ – ರೂ. 16,000
ದೀಪಗಳ ವಿದ್ಯುತ್ – ರೂ. 6,000
ಬಲೆ ಮತ್ತು ಸಣ್ಣ ದುರಸ್ತಿ – ರೂ. 4,000
ಮರುಲೇಪನ ನಿಧಿ – ರೂ. 10,000
ಒಟ್ಟು – ರೂ. 1,08,000

ಮರುಲೇಪನಕ್ಕೆ ಆರು ವರ್ಷಗಳ ನಂತರ ರೂ. 7,20,000 ಬೇಕಾಗಬಹುದೆಂದು ಅಂದಾಜಿಸಿ, ಅದನ್ನು 72 ತಿಂಗಳಿಗೆ ಹಂಚಿದಾಗ ರೂ. 10,000 ಆಗುತ್ತದೆ. ಬಹುತೇಕ ಸಂಘಗಳ ಆಯವ್ಯಯದಲ್ಲಿ ಕಾಣೆಯಾಗಿರುವ ಬಾಬ್ತು ಇದೇ.

ಈ ವೆಚ್ಚವನ್ನು ಮೂರು ಭಾಗ ಮಾಡಬೇಕು. ಮೊದಲನೆಯದು, ಸ್ವತ್ತನ್ನು ಕಾಪಾಡುವ ವೆಚ್ಚ. ಮರುಲೇಪನ ಮತ್ತು ದುರಸ್ತಿಯ ರೂ. 14,000 ಎಲ್ಲ ಮನೆಗಳಿಗೂ ಸೇರಿದ್ದು, ಏಕೆಂದರೆ ಸುಸ್ಥಿತಿಯ ಅಂಕಣವು ಪ್ರತಿ ಮನೆಯ ಮೌಲ್ಯದಲ್ಲಿಯೂ ಸೇರಿದೆ. ಇದು ಮನೆಯೊಂದಕ್ಕೆ ತಿಂಗಳಿಗೆ ರೂ. 40 ಮಾತ್ರ. ಎರಡನೆಯದು, ಬಳಕೆಯ ವೆಚ್ಚ. ಸಿಬ್ಬಂದಿ ಮತ್ತು ವಿದ್ಯುತ್ತಿನ ರೂ. 22,000 ಅಂಕಣವನ್ನು ಬಳಸುವವರದು. 432 ಗಂಟೆಗಳಲ್ಲಿ ಸುಮಾರು ಅರ್ಧದಷ್ಟು, ಅಂದರೆ 220 ಗಂಟೆ ಬಳಕೆಯಾದರೆ ಗಂಟೆಗೆ ರೂ. 100 ಬೀಳುತ್ತದೆ. ಮೂರನೆಯದು, ತರಬೇತಿಯ ವೆಚ್ಚ. ತರಬೇತುದಾರರು ಮತ್ತು ಚೆಂಡುಗಳ ರೂ. 72,000 ಕಲಿಯುವವರದು. ತರಬೇತಿಗೆಂದು ಬಳಸಿದ 66 ಗಂಟೆಗಳ ಅಂಕಣ ಶುಲ್ಕ ರೂ. 6,600ನ್ನೂ ಇದಕ್ಕೆ ಸೇರಿಸಬೇಕು.

ದಿನಕ್ಕೆ ಮೂರು ತರಗತಿಗಳಂತೆ ವಾರದ ಐದು ದಿನ 15 ತರಗತಿ. ತರಗತಿಗೆ 8 ಮಕ್ಕಳಂತೆ 120 ಸ್ಥಾನ. ಪ್ರತಿ ಮಗುವಿಗೆ ವಾರಕ್ಕೆ ಎರಡು ದಿನವೆಂದರೆ 60 ಮಕ್ಕಳು. ರೂ. 78,600ನ್ನು 60ರಿಂದ ಭಾಗಿಸಿದರೆ ಮಾಸಿಕ ಶುಲ್ಕ ರೂ. 1,310. ಉಳಿದ 154 ಗಂಟೆಗಳ ಸದಸ್ಯರ ಆಟದಿಂದ ರೂ. 15,400, ಮನೆಗಳಿಂದ ರೂ. 14,000 ಸೇರಿದಾಗ ರೂ. 1,08,000 ಸರಿಹೋಗುತ್ತದೆ. ಯಾರೂ ಯಾರ ಹಣದಲ್ಲಿಯೂ ಆಡುತ್ತಿಲ್ಲವೆಂದು ವಾರ್ಷಿಕ ಸಭೆಯಲ್ಲಿ ತೋರಿಸಲು ಇಷ್ಟು ಸಾಕು.

ಆದರೆ ವರ್ಷದ ಹನ್ನೆರಡು ತಿಂಗಳೂ ಒಂದೇ ತೆರನಾಗಿರುವುದಿಲ್ಲ. ಪರೀಕ್ಷೆಯ ದಿನಗಳಲ್ಲಿ ಮಕ್ಕಳ ಸಂಖ್ಯೆ 60ರಿಂದ 40ಕ್ಕೆ ಇಳಿದು, ವೆಚ್ಚ ಹಾಗೆಯೇ ಉಳಿದರೆ, ರೂ. 1,310ರ ಶುಲ್ಕದಿಂದ ಬರುವುದು ರೂ. 52,400, ಕೊರತೆ ರೂ. 26,200. ಬೇಸಿಗೆ ಶಿಬಿರದ ಏಪ್ರಿಲ್-ಮೇ ತಿಂಗಳುಗಳ ಮಿಗತೆಯನ್ನು ಹಬ್ಬದ ಊಟಕ್ಕೆ ಖರ್ಚು ಮಾಡದೆ ಫೆಬ್ರವರಿ-ಮಾರ್ಚ್ ತಿಂಗಳುಗಳಿಗೆ ಕಾದಿರಿಸುವುದೂ, ಶುಲ್ಕವನ್ನು ಮೂರು ತಿಂಗಳಿಗೊಮ್ಮೆ ಮುಂಗಡವಾಗಿ ಪಡೆಯುವುದೂ ಇದಕ್ಕೆ ಪರಿಹಾರ.

ತರಬೇತುದಾರರೊಂದಿಗೆ ಒಪ್ಪಂದ

ಅಂಕಣವನ್ನು ಪೂರ್ಣವಾಗಿ ತರಬೇತುದಾರರಿಗೆ ವಹಿಸಿ, ಅವರೇ ಶುಲ್ಕ ಸಂಗ್ರಹಿಸಿ ಸಂಘಕ್ಕೆ ಒಂದು ಪಾಲು ಕೊಡುವ ಪದ್ಧತಿ ಸುಲಭವೆನಿಸುತ್ತದೆ. ಇಲ್ಲಿ ನಷ್ಟದ ಭಯ ಸಂಘಕ್ಕಿಲ್ಲ. ಆದರೆ ಆದಾಯ ಹೆಚ್ಚಿಸಿಕೊಳ್ಳಲು ತರಬೇತುದಾರರು ಹೊರಗಿನ ವಿದ್ಯಾರ್ಥಿಗಳನ್ನು ಕರೆತರುವ ಸಂಭವ ಹೆಚ್ಚು. ಇಡೀ ಸಂಬಳದ ಹೊರೆಯನ್ನು ಸಂಘವೇ ಹೊತ್ತರೆ ಮೇಲಿನ ಕೊರತೆಯೂ ಅದರದೇ. ನಿಶ್ಚಿತ ಮೊತ್ತವೊಂದನ್ನೂ, ಅದರ ಮೇಲೆ ಪ್ರತಿ ವಿದ್ಯಾರ್ಥಿಗೆ ಇಷ್ಟೆಂಬ ಮೊತ್ತವನ್ನೂ ಕೊಡುವ ಮಧ್ಯಮಾರ್ಗವು ಉಭಯತರಿಗೂ ಹಿತ. ಮಳೆಯಿಂದ ತಪ್ಪಿದ ತರಗತಿಗೆ ಬದಲಿ ಯಾವಾಗ, ಬಿಡುವ ಮುನ್ನ ಎಷ್ಟು ದಿನಗಳ ಸೂಚನೆ, ಚೆಂಡು ಯಾರ ಖರ್ಚು ಎಂಬುದೆಲ್ಲ ಲಿಖಿತವಾಗಿರಬೇಕು. ಮಕ್ಕಳೊಡನೆ ಕೆಲಸ ಮಾಡುವ ಪ್ರತಿಯೊಬ್ಬರ ಪೊಲೀಸ್ ಪರಿಶೀಲನೆಯೂ, ತರಗತಿಯ ವೇಳೆ ಇನ್ನೊಬ್ಬ ವಯಸ್ಕರ ಉಪಸ್ಥಿತಿಯೂ ರಿಯಾಯಿತಿ ಇಲ್ಲದ ನಿಯಮಗಳಾಗಬೇಕು.

ತೆರಿಗೆಯ ಹೊಣೆ

ಸದಸ್ಯರು ತಮ್ಮ ಅನುಕೂಲಕ್ಕಾಗಿ ತಾವೇ ಹಣ ಕೂಡಿಸಿದಾಗ ಅದರಲ್ಲಿ ಉಳಿದ ಮಿಗತೆಯು ಆದಾಯವಲ್ಲವೆಂಬುದು ಪರಸ್ಪರತೆಯ ತತ್ತ್ವ. ಇದಕ್ಕೆ ಮಿತಿಗಳಿವೆ. ಬೆಂಗಳೂರು ಕ್ಲಬ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ನೀಡಿದ ತೀರ್ಪಿನಂತೆ, ಮಿಗತೆಯನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು ಪಡೆದ ಬಡ್ಡಿಗೆ ಈ ತತ್ತ್ವ ಅನ್ವಯಿಸದು. ಆ ಬ್ಯಾಂಕ್ ಕ್ಲಬ್ಬಿನ ಸದಸ್ಯನಾಗಿದ್ದರೂ ಅಷ್ಟೇ. 2023ರಲ್ಲಿ ಸಿಕಂದರಾಬಾದ್ ಕ್ಲಬ್ ಪ್ರಕರಣದಲ್ಲಿಯೂ ನ್ಯಾಯಾಲಯ ಇದೇ ನಿಲುವನ್ನು ಎತ್ತಿಹಿಡಿಯಿತು. ಮರುಲೇಪನ ನಿಧಿಯ ಠೇವಣಿಗೆ ಬರುವ ಬಡ್ಡಿಯನ್ನು ತೆರಿಗೆಗೆ ಒಳಪಡುವ ಆದಾಯವೆಂದೇ ತೋರಿಸಬೇಕು. ಹೊರಗಿನವರಿಂದ ಪಡೆದ ಶುಲ್ಕಕ್ಕೂ ಪರಸ್ಪರತೆಯ ರಕ್ಷಣೆ ಸಿಗದು.

ಸರಕು ಮತ್ತು ಸೇವಾ ತೆರಿಗೆಯ ವಿಷಯದಲ್ಲಿ, ಸಂಘದ ವಾರ್ಷಿಕ ವಹಿವಾಟು ರೂ. 20 ಲಕ್ಷ ಮೀರಿದಾಗ ನೋಂದಣಿಯ ಪ್ರಶ್ನೆ ಏಳುತ್ತದೆ. ಸದಸ್ಯರೊಬ್ಬರಿಗೆ ತಿಂಗಳಿಗೆ ರೂ. 7,500ರವರೆಗಿನ ವಿನಾಯಿತಿಯು ಎಲ್ಲರ ಸಾಮಾನ್ಯ ಬಳಕೆಗೆಂದು ಪಡೆದ ಸೇವೆಗಳ ವಂತಿಗೆಗೆ ಸಂಬಂಧಿಸಿದ್ದು; ಕೆಲವರು ಮಾತ್ರ ಪಡೆಯುವ ತರಬೇತಿಯ ಶುಲ್ಕಕ್ಕೂ ಅದು ತಾನಾಗಿ ಅನ್ವಯಿಸುತ್ತದೆಂದು ಭಾವಿಸುವುದು ಅಪಾಯಕರ. ತರಬೇತಿ ಶುಲ್ಕಕ್ಕೆ ಬೇರೆ ರಸೀದಿ, ಬೇರೆ ಖಾತೆ ಇಡುವುದು ಈ ಕಾರಣಕ್ಕೂ ಅಗತ್ಯ.

ಕ್ರೀಡಾ ತರಬೇತುದಾರರ ಸೇವೆಯನ್ನು ಮೂಲದಲ್ಲಿ ತೆರಿಗೆ ಕಡಿತದ ಉದ್ದೇಶಕ್ಕಾಗಿ 2008ರಲ್ಲಿಯೇ ವೃತ್ತಿಪರ ಸೇವೆಯೆಂದು ಅಧಿಸೂಚಿಸಲಾಗಿದೆ. ವರ್ಷಕ್ಕೆ ರೂ. 30,000 ಇದ್ದ ಮಿತಿಯು 2025ರ ಏಪ್ರಿಲ್ 1ರಿಂದ ರೂ. 50,000 ಆಯಿತು, ಅದನ್ನು ಮೀರಿದ ಪಾವತಿಯಲ್ಲಿ ಶೇ. 10ರಷ್ಟನ್ನು ಕಡಿತ ಮಾಡಬೇಕು. ಮಾದರಿ ಲೆಕ್ಕದ ಇಬ್ಬರು ತರಬೇತುದಾರರ ವಾರ್ಷಿಕ ಶುಲ್ಕವೂ ಈ ಮಿತಿಯನ್ನು ದಾಟುತ್ತದೆ. ನಗದಾಗಿ ಕೊಟ್ಟು ಸುಮ್ಮನಾಗುವ ಸಂಘಗಳು ಬಡ್ಡಿ ಮತ್ತು ದಂಡವನ್ನು ಎದುರಿಸಬೇಕಾಗುತ್ತದೆ.

ಹಂಚಿಕೆಯ ನ್ಯಾಯ

ಲೆಕ್ಕ ಸರಿಯಾದರೂ ಹಂಚಿಕೆ ಸರಿಯಿಲ್ಲದಿದ್ದರೆ ಕಾರ್ಯಕ್ರಮ ಉಳಿಯದು. ನಾಲ್ವರು ಗೆಳೆಯರು ವರ್ಷವಿಡೀ ಬೆಳಗಿನ 6 ಗಂಟೆಯನ್ನು ತಮ್ಮದಾಗಿಸಿಕೊಂಡಿದ್ದರೆ, ಹೊಸದಾಗಿ ಬಂದ ಕುಟುಂಬಕ್ಕೆ ಅಂಕಣವಿದ್ದೂ ಇಲ್ಲದಂತೆ. ಬೇಡಿಕೆಯ ಹೊತ್ತಿನಲ್ಲಿ ಒಂದು ಮನೆಗೆ ವಾರಕ್ಕೆ ಇಷ್ಟೇ ಗಂಟೆಯೆಂಬ ಮಿತಿ, ಕಾಯ್ದಿರಿಸಿ ಬಾರದವರಿಗೆ ಪೂರ್ಣ ಶುಲ್ಕ, ಡಬಲ್ಸ್ ಆಟಕ್ಕೆ ಆದ್ಯತೆ – ಈ ಮೂರು ನಿಯಮಗಳು ಎಲ್ಲರಿಗೂ ಕಾಣುವಂತೆ ಫಲಕದಲ್ಲಿರಬೇಕು. ಸಮಿತಿಯ ಪದಾಧಿಕಾರಿಗಳಿಗೂ ಅವೇ ಅನ್ವಯಿಸಬೇಕು.

ಈಚಿನ ವರ್ಷಗಳಲ್ಲಿ ಪಿಕಲ್‌ಬಾಲ್ ಆಟಗಾರರೂ ಇದೇ ನೆಲವನ್ನು ಕೇಳುತ್ತಿದ್ದಾರೆ. ಅದರ ಅಂಕಣದ ಅಳತೆ ಕೇವಲ 44 ಅಡಿಗೆ 20 ಅಡಿ. ಒಂದು ಟೆನಿಸ್ ಅಂಕಣದ ಪೂರ್ಣ ಜಾಗದಲ್ಲಿ ಅಂಥ ನಾಲ್ಕು ಹಿಡಿಸುತ್ತವೆ. ಗಂಟೆಯ ಲೆಕ್ಕ ಇಟ್ಟಿರುವ ಸಂಘವು ಯಾವ ಹೊತ್ತು ಖಾಲಿಯೆಂದು ತೋರಿಸಿ ಅದನ್ನು ಅವರಿಗೆ ಕೊಡಬಲ್ಲದು. ಲೆಕ್ಕವಿಲ್ಲದ ಸಂಘದಲ್ಲಿ ಗಟ್ಟಿ ಧ್ವನಿಯವರದೇ ತೀರ್ಮಾನ. ಹಾಗೆಯೇ, ಬಡಾವಣೆಯ ಕಾವಲುಗಾರರ, ಮನೆಗೆಲಸದವರ ಮಕ್ಕಳಿಗೆ ಖಾಲಿ ಹೊತ್ತಿನಲ್ಲಿ ವಾರಕ್ಕೊಂದು ಉಚಿತ ತರಗತಿ ನಡೆಸಲು ತಗಲುವ ಹೆಚ್ಚುವರಿ ವೆಚ್ಚ ಅತ್ಯಲ್ಪ. ಹಳೆಯ ಚೆಂಡು, ಬಳಸದ ರ್‍ಯಾಕೆಟ್‌ಗಳು ಪ್ರತಿ ಬಡಾವಣೆಯಲ್ಲಿಯೂ ಬಿದ್ದಿರುತ್ತವೆ.

ನಿರ್ಮಾಪಕರು ಬಡಾವಣೆಯನ್ನು ಒಪ್ಪಿಸುವಾಗ ಅಂಕಣದ ನಕ್ಷೆ, ಲೇಪನದ ಖಾತರಿ ಪತ್ರ ಮತ್ತು ಮೊದಲ ಐದು ವರ್ಷಗಳ ನಿರ್ವಹಣಾ ಅಂದಾಜನ್ನು ಸಂಘದ ಕೈಗೆ ಕೊಡುವ ಪದ್ಧತಿಯನ್ನು ರೂಢಿಸಿಕೊಂಡರೆ ಅವರ ಹೆಸರೂ ಉಳಿಯುತ್ತದೆ. ಸಂಘಗಳು ಮುಂದಿನ ವಾರ್ಷಿಕ ಸಭೆಯ ಕಾರ್ಯಸೂಚಿಯಲ್ಲಿ ಮರುಲೇಪನ ನಿಧಿಯನ್ನು ಪ್ರತ್ಯೇಕ ಬಾಬ್ತಾಗಿ ಮಂಡಿಸುವುದರಿಂದ ಆರಂಭಿಸಬಹುದು. ಮನೆಯೊಂದಕ್ಕೆ ತಿಂಗಳಿಗೆ ಕೆಲವೇ ಹತ್ತು ರೂಪಾಯಿಗಳ ಈ ನಿರ್ಧಾರವನ್ನು ಮುಂದೂಡಿದರೆ, ಆರು ವರ್ಷಗಳ ಬಳಿಕ ಅದೇ ಸಭೆಯು ಒಂದೇ ಬಾರಿಗೆ ಏಳು ಲಕ್ಷಕ್ಕೂ ಮಿಗಿಲಾದ ಹಣ ಹೊಂದಿಸಬೇಕಾಗುತ್ತದೆ.